ಹುಳ ಸಾಕೋದು ನಮ್ಮ ಜಿಲ್ಲೆಗೆ ಹೊಸದಲ್ಲ: ರೇಷ್ಮೆ ಹುಳದಿಂದ ಕಪ್ಪು ನೊಣದವರೆಗೆ

ಇವತ್ತಿನ ಬರಹ ಸ್ವಲ್ಪ ಉದ್ದ ಐತೆ, ಪುರುಸೊತ್ತಲ್ಲಿ ಓದಿ.

ಕೋಳಿಗೆ, ಮೀನಿಗೆ ಮೇವು ಮಾಡೋಕೆ ಹುಳ ಸಾಕಿ ಅಂತ ಈಗ ಎಲ್ಲಾ ಕಡೆ ವಿಡಿಯೋ ಓಡಾಡ್ತಿವೆ. ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ಕಪ್ಪು ನೊಣದ ಮರಿಹುಳ. ಕಸ ತಿನ್ನುತ್ತೆ, ಪ್ರೋಟೀನ್ ಕೊಡುತ್ತೆ, ಪರಿಸರಕ್ಕೆ ಒಳ್ಳೇದು ಅಂತಾರೆ. ಮಾರಿಕುಪ್ಪಂ, ಬಂಗಾರಪೇಟೆ ಕಡೆ ಹುಡುಗರೂ ಇದರ ಬಗ್ಗೆ ಕೇಳ್ತಿದಾರೆ. ಹೌದು ಅನ್ನೋ ಮುಂಚೆ, ಬೇಡ ಅನ್ನೋ ಮುಂಚೆ, ನಮ್ಮದೇ ಹಳೇ ಲೆಕ್ಕ ಒಂದು ಸಲ ತೆಗೆದು ನೋಡೋಣ. ಹುಳ ಸಾಕೋ ಕಸುಬಲ್ಲಿ ಕೋಲಾರದವರು ತಲೆಮಾರುಗಳಿಂದ ಪಳಗಿದವರು.

ಮೈಸೂರು ಸೀಮೆಗೆ ರೇಷ್ಮೆ ಕಸುಬು ಬೇರೂರಿದ್ದು 18ನೇ ಶತಮಾನದ ಕೊನೆಯಲ್ಲಿ, ಟಿಪ್ಪು ಕಾಲದಲ್ಲಿ. ಬಂಗಾಳದಿಂದ ಹುಳದ ಮೊಟ್ಟೆ ತರಿಸಿ ಬೆಳೆಸಿದ. ನೂರು ವರ್ಷ ಆದಮೇಲೆ ಜೆಮ್‌ಶೆಟ್‌ಜಿ ಟಾಟಾ ಅವರು ಬೆಂಗಳೂರಲ್ಲಿ ಜಪಾನಿನವರ ಸಹಾಯದಿಂದ ರೇಷ್ಮೆ ಫಾರಂ ಮಾಡಿದರು. ಆಮೇಲೆ ಕೋಲಾರ, ಶಿಡ್ಲಘಟ್ಟ, ಚಿಂತಾಮಣಿ ಸುತ್ತ ಮನೆಮನೆಯಲ್ಲೂ ಚಂದ್ರಿಕೆ ನಿಂತವು.

ನಾವು ಗೂಡು ಮಾರ್ತೀವಿ, ದುಡ್ಡು ಎಣಿಸ್ತೀವಿ. ರೀಲರ್ ನೂಲು ಬಿಚ್ಚಿದ ಮೇಲೆ ಒಳಗಿನ ಹುಳ ಏನಾಗುತ್ತೆ ಅಂತ ಯೋಚಿಸೋರು ಕಮ್ಮಿ. 10 ಕೆಜಿ ಹಸಿ ಗೂಡಲ್ಲಿ ಸುಮಾರು 8 ಕೆಜಿ ಆ ಪ್ಯೂಪಾನೇ. ಒಣಗಿಸಿದ್ರೆ 2 ಕೆಜಿ ಉಳಿಯುತ್ತೆ. ಅದರಲ್ಲಿ ಅರ್ಧದಷ್ಟು ಪ್ರೋಟೀನ್, ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಎಣ್ಣೆ. ಎಣ್ಣೆ ಸೋಪಿಗೆ ಹೋಗುತ್ತೆ, ಹಿಂಡಿ ಮೀನಿಗೆ, ಕೋಳಿಗೆ ಹೋಗುತ್ತೆ. ಅಂದ್ರೆ ಮೇವಿಗೆ ಹುಳ ಅನ್ನೋದನ್ನ ಯಾರೋ ಹೊರಗಿನವರು ಬಂದು ನಮಗೆ ಕಲಿಸಬೇಕಾಗಿಲ್ಲ.

ಆದ್ರೆ ಈ ಕಸುಬು ನೆಲಕ್ಕೆ, ನೀರಿಗೆ ಏನು ಮಾಡ್ತು? ಇಲ್ಲಿ ಮೂರು ಪಾಠ ಐತೆ.

ಮೊದಲನೇದು ನೀರು. ಹುಳ ಕುಡಿಯೋದು ಏನೂ ಇಲ್ಲ, ಸೊಪ್ಪು ಕುಡಿಯುತ್ತೆ. ಒಂದು ಕೆಜಿ ಗೂಡಿಗೆ ಸುಮಾರು 15ರಿಂದ 20 ಕೆಜಿ ಹಿಪ್ಪುನೇರಳೆ ಸೊಪ್ಪು ಬೇಕು. ವರ್ಷಪೂರ್ತಿ ಹರಿಯೋ ಒಂದು ನದಿ ಇಲ್ಲದ ಜಿಲ್ಲೆ ನಮ್ಮದು. ಸೊಪ್ಪು, ಟೊಮ್ಯಾಟೊ, ಸೀಮೆಹಸು ಮೇವು ಎಲ್ಲಾ ಸೇರಿ ಬೋರು ಸಾವಿರ ಅಡಿ ದಾಟಿಸಿದ್ವು. ಕೊನೆಗೆ 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆ ಅಂತ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗೆ ಬಂತು. ಹುಳದ ಪರಿಸರ ಲೆಕ್ಕ ಅಂದ್ರೆ ಅದು ತಿನ್ನೋದರ ಲೆಕ್ಕ.

ಎರಡನೇದು ಶತ್ರು. 1980ಕ್ಕೆ ಮುಂಚೆ ಊಜಿ ನೊಣ ಕರ್ನಾಟಕದಲ್ಲಿ ಇರಲಿಲ್ಲ. ಬಂಗಾಳದಿಂದ ಬಂದ ಗೂಡಿನ ಜೊತೆ ಅದೂ ಬಂತು. ಹುಳದ ಮೈಮೇಲೆ ಮೊಟ್ಟೆ ಇಟ್ಟು ಬೆಳೆ ತಿಂದು ಹಾಕ್ತು. ಇವತ್ತಿಗೂ ಹುಳುಮನೆ ಕಿಟಕಿಗೆ ನೈಲಾನ್ ಪರದೆ ಹಾಕೋದು ಅದಕ್ಕೇ. ಹುಳ ಊರಿಂದ ಊರಿಗೆ ಹೋದ್ರೆ ಒಂಟಿಯಾಗಿ ಹೋಗಲ್ಲ.

ಮೂರನೇದು ಉಳಿಕೆ. ಹಿಕ್ಕೆ, ತಿಂದುಳಿದ ಕಡ್ಡಿ ತೋಟಕ್ಕೆ ವಾಪಸ್ ಹೋಗುತ್ತೆ, ಅದು ಬಂಗಾರ. ಆದ್ರೆ ನೂಲು ಬಿಚ್ಚೋ ಕಡೆ ಗೂಡು ಬೇಯಿಸೋಕೆ ಸೌದೆ ಬೇಕು, ಬೇಯಿಸಿದ ನೀರು ಚರಂಡಿ ಸೇರಿದ್ರೆ ಆ ವಾಸನೆ ಏನು ಅಂತ ರೀಲಿಂಗ್ ಬೀದಿಯಲ್ಲಿ ಓಡಾಡಿದವರಿಗೆ ಗೊತ್ತು.

ಈಗ ಕಪ್ಪು ನೊಣಕ್ಕೆ ಬರೋಣ. ಇದರ ಮೂಲ ಅಮೆರಿಕ ಖಂಡ. ಮರಿಹುಳಕ್ಕೆ ಹಸಿರು ಬೆಳೆ ಬೇಡ, ಕೊಳೆತದ್ದು ಸಾಕು. ಅಲ್ಲಿಗೆ ನೀರಿನ ವಿಷಯದಲ್ಲಿ ರೇಷ್ಮೆಗಿಂತ ಮೇಲು. ಮಂಗಳೂರು, ಮಲ್ಪೆ ಕಡೆ ಬೂತಾಯಿ ಮೀನು ಪುಡಿ ಮಾಡಿ ಮೇವಿಗೆ ಹಾಕೋದು ಕಮ್ಮಿಯಾದ್ರೆ ಸಮುದ್ರಕ್ಕೂ ಒಳ್ಳೇದು. ಯೂರೋಪಿನವರು 2017ರಲ್ಲಿ ಮೀನಿಗೆ, 2021ರಲ್ಲಿ ಕೋಳಿ, ಹಂದಿಗೆ ಈ ಮೇವು ಒಪ್ಪಿದರು. ಆದ್ರೆ ಅಲ್ಲಿ ಸಗಣಿ ಗೊಬ್ಬರ, ಹೋಟೆಲ್ ಎಂಜಲು ಹುಳಕ್ಕೆ ಹಾಕೋ ಹಾಗಿಲ್ಲ. ಹಾಗಾಗಿ ಕೋಳಿ ನೇರ ತಿನ್ನಬಹುದಾದ ಧಾನ್ಯ, ಬೂಸವನ್ನೇ ಹುಳಕ್ಕೆ ಹಾಕೋದೂ ಐತೆ. ಕೋಳಿ ತಟ್ಟೆಯಿಂದ ತೆಗೆದು ಹುಳಕ್ಕೆ ಹಾಕಿ, ಹುಳ ಮತ್ತೆ ಕೋಳಿಗೆ ಹಾಕಿದ್ರೆ ಭೂಮಿಗೆ ಏನು ಉಳಿತಾಯ?

ನಮ್ಮಲ್ಲಿ ಕಸ ಬೇಕಾದಷ್ಟು ಐತೆ, ಟೊಮ್ಯಾಟೊ ಬೆಲೆ ಬಿದ್ದಾಗ ರಸ್ತೆಗೇ ಸುರೀತೀವಿ ಅಂತೀರಾ? ಲೆಕ್ಕ ಹಾಕಿ. ಟೊಮ್ಯಾಟೊದಲ್ಲಿ ನೂರಕ್ಕೆ 94 ಪಾಲು ನೀರೇ. 100 ಕೆಜಿ ಸುರಿದ್ರೆ ಒಣ ಪದಾರ್ಥ 6 ಕೆಜಿ, ಉಳಿದದ್ದು ರಸ. ಆ ರಸ ಎಲ್ಲಿ ಹರಿಸ್ತೀರಿ? ಜೊತೆಗೆ ಔಷಧಿ ಹೊಡೆದ ಟೊಮ್ಯಾಟೊ ಅದು. ಪಕ್ಕದ ತೋಟದ ಔಷಧಿ ಗಾಳಿಗೆ ಸೊಪ್ಪಿನ ಮೇಲೆ ಬಿದ್ದು ಹುಳ ಸತ್ತದ್ದನ್ನ ರೇಷ್ಮೆಯವರು ನೋಡಿದಾರೆ. ಈ ಹುಳಾನೂ ಹುಳಾನೇ ತಾನೇ?

ಇನ್ನೊಂದು ಮಾತು ನಮ್ಮೂರಿಗೇ ಸೇರಿದ್ದು. ಈ ಮರಿಹುಳ ತಿನ್ನೋದರಲ್ಲಿ ಕ್ಯಾಡ್ಮಿಯಂನಂಥ ಲೋಹ ಇದ್ರೆ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತೆ. ಅಲ್ಲಿಂದ ಕೋಳಿಗೆ, ಮೀನಿಗೆ, ನಮಗೆ. ಅದಕ್ಕೇ ಪಟ್ಟಣದ ಬೆರಕೆ ಕಸ, ಸೈನೈಡ್ ದಿಬ್ಬದ ಪಕ್ಕದ ಕಸ ಪರೀಕ್ಷೆ ಇಲ್ಲದೆ ಹಾಕೋದು ಬೇಡ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯ್ತು, ಮೂರು ಕೋಟಿ ಟನ್‌ಗೂ ಹೆಚ್ಚು ಪುಡಿಮಣ್ಣು ಇಲ್ಲೇ ಉಳೀತು. ಗಾಳಿ ಬೀಸಿದ್ರೆ ಇವತ್ತಿಗೂ ನಮ್ಮ ಬಾಯಿಗೇ ಬರುತ್ತೆ. ಲಾಭ ಎಲ್ಲಿಗೆ, ಉಳಿಕೆ ಎಲ್ಲಿಗೆ ಅಂತ ಮೊದಲೇ ಕೇಳದೆ ಇದ್ರೆ ಹೀಗೇ ಆಗೋದು.

ನನ್ನ ಅಭಿಪ್ರಾಯ ಇಷ್ಟು. ಮನೆಯ ಅಡುಗೆ ಕಸ, ತರಕಾರಿ ಸಿಪ್ಪೆ, ಡ್ರಮ್ಮಲ್ಲಿ ಹುಳ, ಹಿತ್ತಲ ಹತ್ತು ನಾಟಿ ಕೋಳಿ, ಇದು ಧಾರಾಳವಾಗಿ ಮಾಡಿ. ನಾಟಿ ಕೋಳಿ ತಿಪ್ಪೆ ಕೆದಕಿ ಹುಳ ತಿನ್ನೋದು ಅನಾದಿ ಕಾಲದ್ದು. ಸಾಲ ಮಾಡಿ ದೊಡ್ಡ ಶೆಡ್ ಹಾಕೋರು ಮಾತ್ರ ಮಾರೋಕೆ ಬಂದವರನ್ನ ಮೂರು ಪ್ರಶ್ನೆ ಕೇಳಿ: ಹುಳಕ್ಕೆ ವರ್ಷಪೂರ್ತಿ ಏನು ತಿನ್ನಿಸೋದು? ಮೊಟ್ಟೆ ಎಲ್ಲಿಂದ ಬರುತ್ತೆ? ರಸ, ಉಳಿಕೆ ಎಲ್ಲಿ ಹೋಗುತ್ತೆ? ಮೂರಕ್ಕೂ ಉತ್ತರ ಬಂದ್ರೆ ಮುಂದಿನ ಮಾತು.

ಈಗಾಗಲೇ ಸಾಕ್ತಿರೋರು ಇದ್ರೆ ಎಷ್ಟು ಹಾಕಿದ್ರಿ, ಎಷ್ಟು ಹುಳ ಬಂತು ಅಂತ ತೂಕ ಸಮೇತ ಕೆಳಗೆ ಬರೀರಿ. ಎಲ್ರಿಗೂ ಉಪಯೋಗ ಆಗುತ್ತೆ.