ಪೋರ್ಟಿಂಗ್ (ಚೈನ್‌ಸಾ ಎಂಜಿನ್)

ಟು-ಸ್ಟ್ರೋಕ್ ಚೈನ್‌ಸಾ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿರುವ ಒಳಹರಿವು, ವರ್ಗಾವಣೆ ಮತ್ತು ಹೊಗೆಯ ಕಿಂಡಿಗಳ ಎತ್ತರ, ಅಗಲ, ಆಕಾರಗಳನ್ನು ಉಜ್ಜಿ ತಿದ್ದುವ ಕೆಲಸ. ಈ ಬಗೆಯ ತಿದ್ದುಪಡಿ ವ್ಯವಸ್ಥಿತವಾಗಿ ಬೆಳೆದದ್ದು ಮೋಟಾರ್‌ಸೈಕಲ್ ರೇಸ್‌ಗಳಲ್ಲಿ; 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ನಡೆಸಿದ ಕೆಲಸ ಅದರಲ್ಲಿ ಪ್ರಮುಖ.

ಈ ಎಂಜಿನ್ನಿನಲ್ಲಿ ಪಿಸ್ಟನ್ನಿನ ಅಂಚೇ ಕಿಂಡಿಗಳನ್ನು ತೆರೆದು ಮುಚ್ಚುವುದರಿಂದ ಅವುಗಳ ಎತ್ತರವೇ ತೆರೆದಿರುವ ಅವಧಿಯನ್ನು ನಿರ್ಧರಿಸುತ್ತದೆ. ಅದನ್ನು ಕ್ರ್ಯಾಂಕ್ ತಿರುಗುವ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಹೊಗೆಕಿಂಡಿಯ ಮೇಲಂಚನ್ನು ಏರಿಸಿದರೆ ಹೆಚ್ಚಿನ ವೇಗದಲ್ಲಿ ಶಕ್ತಿ ಹೆಚ್ಚುತ್ತದೆ, ಕಡಿಮೆ ವೇಗದ ಎಳೆತ ಕುಗ್ಗುತ್ತದೆ. ಅಗಲ ಮಿತಿಮೀರಿದರೆ ಪಿಸ್ಟನ್ ರಿಂಗ್ ಕಿಂಡಿಗೆ ಸಿಕ್ಕಿ ಮುರಿಯಬಹುದು. ಉಜ್ಜಿದ ಅಂಚುಗಳನ್ನು ಓರೆಯಾಗಿ ನಯಗೊಳಿಸದಿದ್ದರೆ ಸಿಲಿಂಡರಿನ ಒಳಲೇಪವೂ ಏಳಬಹುದು. ಮರ ಕೊಯ್ಯುವ ಸ್ಪರ್ಧೆಗಳ ಗರಗಸಗಳಲ್ಲಿ ಈ ತಿದ್ದುಪಡಿ ಸಾಮಾನ್ಯ.