ಕ್ಷೇತ್ರ ಕಳೆದುಕೊಂಡ ಮುಖ್ಯಮಂತ್ರಿ: ಪಂಜಾಬಿನಲ್ಲಿ ಭೀಮಸೇನ ಸಾಚರ್

1947ರ ವಿಭಜನೆಯಲ್ಲಿ ಪಶ್ಚಿಮ ಪಂಜಾಬಿನ ರೈತರು ಹೊಲಗಳನ್ನೂ ವರ್ತಕರು ಅಂಗಡಿಗಳನ್ನೂ ಬಿಟ್ಟುಬಂದಂತೆ, ಅಲ್ಲಿನ ಹಿಂದೂ ಮತ್ತು ಸಿಖ್ ರಾಜಕಾರಣಿಗಳು ತಮ್ಮ ಕ್ಷೇತ್ರಗಳನ್ನು ಬಿಟ್ಟು ಗಡಿ ದಾಟಿದರು. ಅವರಲ್ಲೊಬ್ಬರಾದ ಭೀಮಸೇನ ಸಾಚರ್ ಭಾರತದ ಪಂಜಾಬಿಗೆ ಎರಡು ಬಾರಿ ಮುಖ್ಯಮಂತ್ರಿಯಾದರು. ಸ್ಥಳೀಯ ನೆಲೆಯಿಲ್ಲದ ನಾಯಕನಿಗೆ ಒದಗುವ ಅನುಕೂಲವೂ ಅದರ ಮಿತಿಯೂ ಅವರ ರಾಜಕೀಯ ಬದುಕಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

1894ರಲ್ಲಿ ಪೇಶಾವರದಲ್ಲಿ ಜನಿಸಿದ ಸಾಚರ್, ಲಾಹೋರಿನಲ್ಲಿ ಕಾನೂನು ಓದಿ, ಗುಜ್ರಾನ್‌ವಾಲಾದಲ್ಲಿ ವಕೀಲಿ ನಡೆಸುತ್ತ ಕಾಂಗ್ರೆಸ್ ಸೇರಿದರು. 1946ರಲ್ಲಿ ಕಾಂಗ್ರೆಸ್ ಮತ್ತು ಸಿಖ್ಖರ ಪಕ್ಷವಾದ ಅಕಾಲಿಗಳ ಬೆಂಬಲದಿಂದ ಯೂನಿಯನಿಸ್ಟ್ ಪಕ್ಷದ, ಅಂದರೆ ಮುಖ್ಯವಾಗಿ ಭೂಮಾಲೀಕರ ಹಿತವನ್ನು ಪ್ರತಿನಿಧಿಸುತ್ತಿದ್ದ ಪಕ್ಷದ, ಖಿಜರ್ ಹಯಾತ್ ಟಿವಾನಾ ರಚಿಸಿದ ಸಮ್ಮಿಶ್ರ ಮಂತ್ರಿಮಂಡಲದಲ್ಲಿ ಅವರು ಹಣಕಾಸು ಸಚಿವರಾಗಿದ್ದರು. ಪಾಕಿಸ್ತಾನದ ಸಂವಿಧಾನ ಸಭೆಯಲ್ಲಿಯೂ ಸದಸ್ಯರಾಗಿದ್ದ ಅವರು, 1947ರ ಆಗಸ್ಟಿನಲ್ಲಿ ರಾಷ್ಟ್ರಧ್ವಜದ ಪ್ರಶ್ನೆ ಬಂದಾಗ ಅಲ್ಪಸಂಖ್ಯಾತರೊಡನೆ ಸಮಾಲೋಚಿಸಿದ ಬಳಿಕವೇ ತೀರ್ಮಾನ ಕೈಗೊಳ್ಳಬೇಕೆಂದು ವಾದಿಸಿದರು. ಆದರೆ ಹಿಂಸಾಚಾರದಿಂದ ಅಲ್ಪಸಂಖ್ಯಾತರು ಊರು ತೊರೆದ ಮೇಲೆ ಅವರಿಗೆ ಅಲ್ಲಿ ಪ್ರತಿನಿಧಿಸಲು ಜನರೇ ಉಳಿಯಲಿಲ್ಲ.

1949ರ ಏಪ್ರಿಲ್‌ನಲ್ಲಿ ಗೋಪಿಚಂದ್ ಭಾರ್ಗವರ ಸ್ಥಾನದಲ್ಲಿ ಮುಖ್ಯಮಂತ್ರಿಯಾದ ಸಾಚರ್ ಎದುರಿಸಿದ ದೊಡ್ಡ ಸಮಸ್ಯೆ ಶಿಕ್ಷಣ ಭಾಷೆಯದು: ಸಿಖ್ಖರು ಗುರುಮುಖಿ ಲಿಪಿಯ ಪಂಜಾಬಿಯನ್ನು ಬಯಸಿದರೆ, ಆರ್ಯ ಸಮಾಜದ ಪ್ರಭಾವದಲ್ಲಿದ್ದ ಹಿಂದೂಗಳು ಹಿಂದಿಯನ್ನು ಬಯಸುತ್ತಿದ್ದರು. ಆ ವರ್ಷದ ಅಕ್ಟೋಬರಿನಲ್ಲಿ ಇಬ್ಬರು ಹಿಂದೂ, ಇಬ್ಬರು ಸಿಖ್ ನಾಯಕರು ಸಹಿ ಹಾಕಿದ ಒಪ್ಪಂದವೇ ‘ಸಾಚರ್ ಸೂತ್ರ’. ಅದರಂತೆ ಪ್ರಾಂತ್ಯವನ್ನು ಪಂಜಾಬಿ ಮತ್ತು ಹಿಂದಿ ವಲಯಗಳಾಗಿ ಗುರುತಿಸಿ, ಆಯಾ ವಲಯದ ಭಾಷೆಯಲ್ಲಿ ಪಾಠ ಹೇಳಿ, ಪ್ರಾಥಮಿಕ ಹಂತದ ಕೊನೆಯ ತರಗತಿಯಿಂದ ಇನ್ನೊಂದು ಭಾಷೆಯನ್ನು ಕಡ್ಡಾಯವಾಗಿ ಕಲಿಸಬೇಕಿತ್ತು. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳ ಪೋಷಕರು ಬಯಸಿದರೆ ಪ್ರಾಥಮಿಕ ಹಂತದಲ್ಲಿ ಇನ್ನೊಂದು ಭಾಷೆಯ ಮಾಧ್ಯಮಕ್ಕೂ ಅವಕಾಶವಿತ್ತು. ಆರ್ಯ ಸಮಾಜದ ಸಂಸ್ಥೆಗಳು ಇದನ್ನು ಒಪ್ಪಲಿಲ್ಲ, ಪಕ್ಷದೊಳಗಿನ ಗುಂಪುಗಾರಿಕೆಯಿಂದ ಅದೇ ತಿಂಗಳು ಸಾಚರ್ ಅಧಿಕಾರವನ್ನೂ ಕಳೆದುಕೊಂಡರು.

1952ರ ಚುನಾವಣೆಯ ನಂತರ ಅವರು ಮತ್ತೆ ಮುಖ್ಯಮಂತ್ರಿಯಾದರು. ಲಾಹೋರನ್ನು ಕಳೆದುಕೊಂಡಿದ್ದ ಪಂಜಾಬಿಗೆ ಹೊಸ ರಾಜಧಾನಿಯಾಗಿ ಚಂಡೀಗಢ 1953ರಲ್ಲಿ ಉದ್ಘಾಟನೆಗೊಂಡದ್ದು ಅವರ ಕಾಲದಲ್ಲಿಯೇ. ಆದರೆ ಪಂಜಾಬಿ ಭಾಷಿಕರಿಗೆ ಪ್ರತ್ಯೇಕ ಪ್ರಾಂತ್ಯ ಬೇಕೆಂಬ ‘ಪಂಜಾಬಿ ಸುಬಾ’ ಚಳವಳಿಯ ಘೋಷಣೆಗಳ ಮೇಲೆ ಹೇರಿದ ನಿಷೇಧವು ಸತ್ಯಾಗ್ರಹಕ್ಕೆ ಎಡೆಮಾಡಿತು; 1955ರ ಜುಲೈನಲ್ಲಿ ಪೊಲೀಸರು ಅಮೃತಸರದ ಸ್ವರ್ಣಮಂದಿರದ ಆವರಣವನ್ನು ಪ್ರವೇಶಿಸಿದರು. ನಿಷೇಧವನ್ನು ಹಿಂತೆಗೆದು ಸಿಖ್ಖರಲ್ಲಿ ಕ್ಷಮೆ ಕೋರಿದ ಸಾಚರ್ ಅವರ ಸ್ಥಾನ ಪಕ್ಷದಲ್ಲಿ ಗಟ್ಟಿಯಾಗಲಿಲ್ಲ. 1956ರ ಜನವರಿಯಲ್ಲಿ ಅಧಿಕಾರವು ಅಮೃತಸರ ಜಿಲ್ಲೆಯವರೇ ಆದ, ಗ್ರಾಮೀಣ ಜಾಟ್ ಸಿಖ್ ರೈತರಲ್ಲಿ ಬೇರೂರಿದ್ದ ಪ್ರತಾಪ್ ಸಿಂಗ್ ಕೈರೋನರ ಕೈಸೇರಿತು.

ಬಳಿಕ ಸಾಚರ್ ಒರಿಸ್ಸಾ ಮತ್ತು ಆಂಧ್ರಪ್ರದೇಶಗಳ ರಾಜ್ಯಪಾಲರಾದರು. 1975ರಲ್ಲಿ ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಪ್ರಧಾನಿಗೆ ಪತ್ರ ಬರೆದು, ಎಂಬತ್ತರ ವಯಸ್ಸಿನಲ್ಲಿ ಸೆರೆಮನೆಗೂ ಹೋದರು. ಯಾವ ಬಣಕ್ಕೂ ಪೂರ್ತಿ ಸೇರದ ಕಾರಣ ಅವರಿಗೆ ಒಪ್ಪಂದಗಳನ್ನು ರೂಪಿಸುವುದು ಸಾಧ್ಯವಾಯಿತು, ಅದೇ ಕಾರಣಕ್ಕೆ ಅವನ್ನು ಜಾರಿಗೊಳಿಸುವ ಜನಬಲ ಅವರ ಬೆನ್ನಿಗಿರಲಿಲ್ಲ. 1966ರಲ್ಲಿ ಪಂಜಾಬ್ ಮತ್ತು ಹರಿಯಾಣಗಳು ಬೇರೆಯಾದಾಗ, ಒಂದೇ ಪ್ರಾಂತ್ಯದೊಳಗೆ ಅವರು ಹೊಂದಿಸಲು ಯತ್ನಿಸಿದ್ದ ಭಾಷಾ ವಲಯಗಳು ಹೆಚ್ಚುಕಡಿಮೆ ಎರಡು ರಾಜ್ಯಗಳೇ ಆದವು.