ಗೋಕರ್ಣದ ಸ್ಲೀಪರ್ ಟಿಕೆಟ್

ಗೋವಾನಾ, ಗೋಕರ್ಣನಾ? ಕಡಲಿಗೆ ಹೋಗೋಣ ಅಂತ ಗೆಳೆಯರು ಕೂತಾಗಲೆಲ್ಲ ಮಾತು ಬಂದು ನಿಲ್ಲೋದು ಇಲ್ಲೇ. ದುಡ್ಡು ಕಮ್ಮಿ ಇದ್ದರೆ ನನ್ನ ಓಟು ಗೋಕರ್ಣಕ್ಕೆ. ರಾತ್ರಿ ಬೆಂಗಳೂರಲ್ಲಿ ಸ್ಲೀಪರ್ ಹತ್ತಿದರೆ ಬೆಳಿಗ್ಗೆ ಗೋಕರ್ಣ ರೋಡ್. ಅಲ್ಲಿಂದ ಆಟೋ ಬಾಡಿಗೆ ಹಂಚಿಕೊಂಡರಾಯ್ತು.

ಈ ಸಲೀಸು ದಾರಿ ಹಳೆಯದೇನಲ್ಲ. ಮುಂಬೈಯಲ್ಲಿ ರೈಲು ಓಡಿದ್ದು 1853ರಲ್ಲಿ. ಅದೇ ಕಡಲಂಚಿನ ಉತ್ತರ ಕನ್ನಡದ ಕರಾವಳಿಗೆ ಹಳಿ ಬರೋಕೆ 140 ವರ್ಷಕ್ಕೂ ಹೆಚ್ಚು ಬೇಕಾಯ್ತು. ಹೆಜ್ಜೆಹೆಜ್ಜೆಗೂ ಗುಡ್ಡ, ಹೊಳೆ, ಮೇಲೆ ಮಳೆ. ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರ್ ಉದ್ದದ ಸೇತುವೆ ಬಿತ್ತು. 1998ರ ಜನವರಿ 26ಕ್ಕೆ ಇಡೀ ಮಾರ್ಗ ತೆರೆಯಿತು.

ಇದಕ್ಕಾಗಿ ಗದ್ದೆ, ತೋಟ ಬಿಟ್ಟುಕೊಟ್ಟವರಿದ್ದಾರೆ. ಸುರಂಗ ಕೊರೆಯುವಾಗ ಜೀವ ಕಳೆದುಕೊಂಡ ಕೂಲಿಯವರಿದ್ದಾರೆ. ರಸ್ತೆಗೆ ಜಮೀನು ಹೋದ ಮನೆಗಳನ್ನು ಹಳ್ಳಿಯಲ್ಲಿ ನೋಡಿ ಬೆಳೆದ ನನಗೆ, ಈ ಟಿಕೆಟ್‌ನ 'ಚೀಪ್' ಅನ್ನೋಕೆ ಬಾಯಿ ಬರಲ್ಲ. ಟ್ರಿಪ್ಪಿನ ಲೆಕ್ಕ ಹಾಕೋ ಎಕ್ಸೆಲ್‌ನಲ್ಲಿ ಅವರು ಕೊಟ್ಟಿದ್ದಕ್ಕೆ ಕಾಲಂ ಇಲ್ಲ. ಹೋಗ್ತಾ ಶರಾವತಿ ಬಂದಾಗ ಮೊಬೈಲ್ ಪಕ್ಕಕ್ಕಿಟ್ಟು ಕಿಟಕಿಗೆ ಬನ್ನಿ.